ಹೊಗೆಗೆ ಬೆಲ್ಲ

ಮೇವಿನ ಬಣಮಿಯ ಬೆಂಕಿ ಆರಿಸಿದ ಮೇಲೆ ಊರವರು ನಮ್ಮ ಕೈಗೆ ಮೊದಲು ಇಡುತ್ತಿದ್ದದ್ದು ಬೆಲ್ಲದ ಹೆಂಟೆ. ‘ತಿನ್ರಿ, ಎದ್ಯಾಗಿನ ಹೊಗಿ ಕೆಳಗ ಇಳೀತದ.’ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಅಗ್ನಿಶಾಮಕನಾಗಿ ದುಡಿದಷ್ಟು ವರ್ಷವೂ ನನ್ನ ಎದೆಗೆ ಸಿಕ್ಕ ಔಷಧಿ ಅದೊಂದೇ.

1964ರ ಕಾಯಿದೆಯಿಂದ ರಾಜ್ಯಕ್ಕೆಲ್ಲ ಒಂದೇ ಅಗ್ನಿಶಾಮಕ ದಳವಾಯಿತೇನೋ ಸರಿ. ಆದರೆ ತಾಲೂಕಿಗೊಂದು ಠಾಣೆ ಆಗುವ ಮುಂಚೆ ಗಾಡಿ ಆಗಿನ ಗುಲ್ಬರ್ಗಾದಿಂದಲೇ ಬರಬೇಕಿತ್ತು. ಆಳಂದಕ್ಕೆ ನಲವತ್ತು ಕಿಲೋಮೀಟರು. ಬರುವಷ್ಟರಲ್ಲಿ ಬೂದಿ.

ನಮ್ಮ ಕಡೆ ಬೆಂಕಿಗೂ ಹಂಗಾಮಿದೆ. ಸುಗ್ಗಿ ಮುಗಿದು ಜೋಳದ ಕಣಕಿ ಒಟ್ಟಿದ ಮೇಲೆ ಶುರು. ಭೀಮಾ ದಂಡೆಯಲ್ಲಿ ಕಬ್ಬು ಹೆಚ್ಚಿದಂತೆ ಕಬ್ಬಿನ ಹೊಲದ ಬೆಂಕಿಯೂ ಸೇರಿತು. ಬಣಮಿ ಮೇಲೆ ಆರಿದಂತೆ ಕಾಣುತ್ತದೆ, ಹೊಟ್ಟೆಯೊಳಗೆ ಉರಿಯುತ್ತಲೇ ಇರುತ್ತದೆ. ಕೊಕ್ಕೆ ಹಾಕಿ ಒಂದೊಂದೇ ಸಿವುಡು ಎಳೆದು ನೀರು ಬಿಡಬೇಕು. ಆಗ ಏಳುತ್ತದೆ ನೋಡಿ, ಹಳದಿ ಹೊಗೆ. ತೋಯಿಸಿದ ಟವೆಲ್ ಮೂಗಿಗೆ ಕಟ್ಟಿಕೊಂಡು ನಾಲ್ಕೈದು ತಾಸು ಅದರಲ್ಲೇ. ಬಿ.ಎ. ಸೆಟ್ ಎನ್ನುವ ಉಸಿರಿನ ಸಿಲಿಂಡರು ಅರ್ಧ ತಾಸಿಗೆ ಖಾಲಿ. ಬಯಲ ಬೆಂಕಿಗೆ ಅದನ್ನು ಯಾರು ಬೆನ್ನಿಗೆ ಹೊರುತ್ತಾರೆ? ಮಸಿ ಹತ್ತಿದ ಖಾಕಿಯಲ್ಲೇ ಮನೆಗೆ ಹೋಗುವುದು ಹೆಮ್ಮೆಯಾಗಿತ್ತು. ಆ ಮಸಿ ಒಗೆದವಳು ಹೆಂಡತಿ, ಮಕ್ಕಳ ಅಂಗಿಯ ಜೊತೆ ಒಂದೇ ಬಕೆಟ್ಟಿನಲ್ಲಿ.

ಚಿಮಣಿ ಗುಡಿಸುವವರ ವೃಷಣದ ಚೀಲಕ್ಕೆ ಬರುವ ಕ್ಯಾನ್ಸರ್ ನೋಡಿ, ಮಸಿಯೇ ಕಾರಣವೆಂದು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದ. ಬೆಂಕಿ ಆರಿಸುವವರ ಸರದಿ ಬರಲು ಎರಡೂವರೆ ಶತಮಾನ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಈ ಕಸುಬಿನಿಂದ ಕ್ಯಾನ್ಸರ್ ಬರಬಹುದು ಎಂದಿತ್ತು. 2022ರ ಜೂನ್‌ನಲ್ಲಿ ಬರುತ್ತದೆ ಎಂದಿತು. ಪುರಾವೆ ಗಟ್ಟಿಯಾಗಿದ್ದದ್ದು ಮೂತ್ರಕೋಶದ ಕ್ಯಾನ್ಸರಿಗೆ, ಮತ್ತೆ ಶ್ವಾಸಕೋಶದ ಪೊರೆಗೆ ಬರುವ ಮೆಸೊಥೆಲಿಯೋಮಾಕ್ಕೆ. ಮೆಸೊಥೆಲಿಯೋಮಾದ ದೊಡ್ಡ ಕಾರಣ ಕಲ್ನಾರು. ಇದನ್ನು ಓದಿದಾಗ ದಾಲ್ ಮಿಲ್ಲುಗಳ ಬೆಂಕಿಯಲ್ಲಿ ಕಲ್ನಾರು ಬೆರೆತ ಸಿಮೆಂಟ್ ಶೀಟು ಕಾದು ಪಟಾರ್ ಎಂದು ಸಿಡಿಯುತ್ತಿದ್ದದ್ದು ನೆನಪಾಯಿತು. ಚೂರು ತಲೆಗೆ ಬಡಿದೀತೆಂದಷ್ಟೇ ಹೆದರಿದ್ದೆವು.

ಹೋದ ವರ್ಷ ಊರಲ್ಲಿ ತಪಾಸಣೆ ನಡೆಯಿತು. ಮೂವತ್ತು ದಾಟಿದವರಿಗೆ ಸರ್ಕಾರ ನೋಡುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್. ಇಷ್ಟು ಗುಟ್ಕಾ ಉಗುಳುವ ಸೀಮೆಯಲ್ಲಿ ಬಾಯಿ ನೋಡುವುದು ಸರಿಯೇ. ‘ಕಾಕಾ, ಆ ಅನ್ರಿ’ ಎಂದು ನರ್ಸಬಾಯಿ ಟಾರ್ಚ್ ಹಿಡಿದಳು. ಏನಿಲ್ಲ ಎಂದಳು. ನಾನು ಬೆಂಕಿ ಆರಿಸುತ್ತಿದ್ದವ ಎಂದೆ. ‘ಬಾಯಿ ಸುಟ್ಟಿತ್ತೇನ್ರಿ?’

ಅವಳು ಕೇಳದೆ ಬಿಟ್ಟದ್ದು ಒಂದಿತ್ತು. ನೋವಿಲ್ಲದೆ ಮೂತ್ರ ಕೆಂಪಾದರೆ ಅದು ಮೂತ್ರಕೋಶದ ಸುಳಿವಿರಬಹುದು, ತಡಮಾಡಬಾರದು. ಜೊತೆಗೆ ದುಡಿದ ಡ್ರೈವರ್ ಗೆಳೆಯನಿಗೆ ಫೋನ್ ಹಚ್ಚಿ ಕೇಳಿದೆ. ‘ಹೋದ ತಿಂಗಳ ಎರಡ ಸಲ ಆಗಿತ್ತು. ಉಷ್ಣ. ಮಜ್ಜಿಗಿ ಕುಡದೆ, ನಿಂತದ’ ಎಂದ. ಸೋಮವಾರ ಇಬ್ಬರೂ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರಕ್ಕೆ ಹೋಗೋಣ ಎಂದೆ.

‘ಜ್ವಾಳದ ರಾಶಿ ಮುಗೀಲಿ, ತಡಿ’ ಎಂದ.