ದಾರಿಯಲ್ಲಿ ಸೋರುವ ಶಕ್ತಿ

ಕೆರೆಯ ತೂಬಿನಿಂದ ಹೊರಟ ನೀರೆಲ್ಲವೂ ಕಡೆಯ ಗದ್ದೆಯನ್ನು ಮುಟ್ಟುವುದಿಲ್ಲವೆಂಬುದನ್ನು ನಮ್ಮ ನೀರುಗಂಟಿಗಳು ಎಂದಿನಿಂದಲೂ ಬಲ್ಲರು. ಮೋಟಾರ್‌ಸೈಕಲ್ಲಿನ ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿಯ ಗತಿಯೂ ಅಂತೆಯೇ. ಕ್ಲಚ್ಚನ್ನೂ ಗೇರ್‌ಬಾಕ್ಸನ್ನೂ ಚೈನನ್ನೂ ದಾಟಿ ಹಿಂದಿನ ಚಕ್ರವನ್ನು ಸೇರುವಷ್ಟರಲ್ಲಿ, ಹಲ್ಲುಗಳ ಘರ್ಷಣೆಗೂ ಎಣ್ಣೆಯನ್ನು ಕಲಕುವ ಶ್ರಮಕ್ಕೂ ಸಿಕ್ಕಿ, ಸಾಮಾನ್ಯವಾಗಿ ನೂರರಲ್ಲಿ 10ರಿಂದ 15 ಪಾಲು ಉಷ್ಣವಾಗಿ ವ್ಯಯವಾಗುವುದು.

ಈ ಸುಂಕವನ್ನೇ ತೆರದಿರುವ ಸಾಹಸವೂ ಒಮ್ಮೆ ನಡೆದಿತ್ತು. 1894ರಲ್ಲಿ ಮ್ಯೂನಿಕ್ ನಗರದ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯುಲರ್ ಕಾರ್ಖಾನೆಯವರು, ರೈಲಿನ ಉಗಿಯಂತ್ರದ ಕ್ರಮದಲ್ಲಿ, ಪಿಸ್ಟನ್ನಿನ ದಂಡಗಳನ್ನು ನೇರವಾಗಿ ಹಿಂದಿನ ಚಕ್ರಕ್ಕೇ ಜೋಡಿಸಿದರು. ನಡುವೆ ಗೇರಿಲ್ಲ, ಕ್ಲಚ್ಚಿಲ್ಲ. ಆದುದರಿಂದ ನಷ್ಟವು ಅಲ್ಪವಾದರೂ ಏರುದಾರಿಗೆ ತಕ್ಕಂತೆ ಬಲವನ್ನು ಹೊಂದಿಸುವ ಉಪಾಯವೇ ಇಲ್ಲದೆ, ಆ ವಾಹನವು ಕೆಲವೇ ವರ್ಷಗಳಲ್ಲಿ ಅಸ್ತಂಗತವಾಯಿತು. ಅನಂತರದ ಯಂತ್ರಗಳಲ್ಲಿ ಬಹುಪಾಲು ಚರ್ಮದ ಪಟ್ಟಿಯನ್ನು ಆಶ್ರಯಿಸಿದವು. ಅದು ಮೃದುವಾಗಿ ಎಳೆಯುತ್ತಿತ್ತು, ಅಗ್ಗವೂ ಆಗಿತ್ತು. ಆದರೆ ಮಳೆ ಬಿದ್ದೊಡನೆ ಜಾರತೊಡಗಿ, ಎಂಜಿನ್ನು ಎಷ್ಟು ಹೂಂಕರಿಸಿದರೂ ಚಕ್ರವು ಉದಾಸೀನವಾಗಿ ನಿಲ್ಲುವಂತಾಗುತ್ತಿತ್ತು.

ಇದಕ್ಕೆ ಪರಿಹಾರವು ಅಷ್ಟರಲ್ಲಾಗಲೇ ಸಿದ್ಧವಾಗಿದ್ದಿತು. ಸ್ವಿಟ್ಜರ್ಲೆಂಡಿನಲ್ಲಿ ಜನಿಸಿ ಮ್ಯಾಂಚೆಸ್ಟರಿನಲ್ಲಿ ನೆಲಸಿದ ಹ್ಯಾನ್ಸ್ ರೆನಾಲ್ಡನು 1880ರಲ್ಲಿಯೇ, ಹಲ್ಲಿನ ಮೇಲೆ ಉಜ್ಜದೆ ಉರುಳುವ ರೋಲರುಗಳುಳ್ಳ ಚೈನಿಗೆ ಪೇಟೆಂಟು ಪಡೆದಿದ್ದನು. 1911ರಲ್ಲಿ ಐಲ್ ಆಫ್ ಮ್ಯಾನಿನ ಪರ್ವತಮಾರ್ಗದಲ್ಲಿ ಮೊದಲ ಬಾರಿಗೆ ಟಿ.ಟಿ. (ಟೂರಿಸ್ಟ್ ಟ್ರೋಫಿ) ಮೋಟಾರ್‌ಸೈಕಲ್ ಪಂದ್ಯವು ನಡೆದಾಗ, ಚೈನನ್ನೂ ಎರಡು ವೇಗದ ಗೇರನ್ನೂ ಹೊಂದಿದ್ದ ಅಮೆರಿಕದ ‘ಇಂಡಿಯನ್’ ಕಂಪನಿಯ ಬೈಕುಗಳು ಸೀನಿಯರ್ ಸ್ಪರ್ಧೆಯ ಮೊದಲ ಮೂರು ಸ್ಥಾನಗಳನ್ನೂ ಗಳಿಸಿದ ಮೇಲೆ, ಪಟ್ಟಿಯ ಪಕ್ಷವು ದಿನೇದಿನೇ ಕ್ಷೀಣಿಸಿತು.

1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಕೆಸರುನೆಲದ ಸ್ಕ್ರ್ಯಾಂಬಲ್ ಪಂದ್ಯವು ಹುಟ್ಟಿಕೊಂಡಾಗ ಚೈನಿಗೆ ನಿಜವಾದ ಪರೀಕ್ಷೆಯು ಒದಗಿತು. ಪಿನ್ನು ಬುಷ್ಷುಗಳ ಸಂದಿಗೆ ಹೊಕ್ಕ ಮರಳು ಸಾಣೆಯಂತೆ ಅರೆದು, ಚೈನು ಉದ್ದವಾಗಿ, ಸ್ಪ್ರಾಕೆಟ್ಟಿನ ಹಲ್ಲುಗಳೊಡನೆ ಅದರ ಹೊಂದಿಕೆಯು ಕೆಟ್ಟು, ನಷ್ಟವು ವೃದ್ಧಿಸುವುದು. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ ಬೈಕುಗಳು ಚೈನನ್ನು ಪೂರ್ಣವಾಗಿ ಕವಚದೊಳಗಿಟ್ಟು ಇಂಥ ಮರಳುಧೂಳಿನಿಂದ ರಕ್ಷಿಸಿದವು. ಆದರೆ ಸ್ಕ್ರ್ಯಾಂಬಲ್ಲಿನಿಂದ ಬೆಳೆದ ಮೋಟೋಕ್ರಾಸ್ ಪಂದ್ಯದ, ಭಾರವನ್ನು ಸಹಿಸದ ಯಂತ್ರಕ್ಕೆ ಆ ಸೌಕರ್ಯವು ಒಗ್ಗಲಿಲ್ಲ. ಚೈನಿನ ಬದಲು ಶಾಫ್ಟಿನಿಂದ ಚಕ್ರವನ್ನು ತಿರುಗಿಸುವ ಪದ್ಧತಿಯು ಕೆಸರಿಗೆ ಅಂಜದಿದ್ದರೂ, ಓರೆಹಲ್ಲಿನ ಗೇರುಗಳ ಘರ್ಷಣೆಯೂ ತೂಕವೂ ಅದನ್ನು ಕಣದಿಂದ ದೂರವಿಟ್ಟವು. 1970ರ ದಶಕದಲ್ಲಿ ಬಂದ ಓ-ರಿಂಗ್ ಚೈನು ರಬ್ಬರಿನ ಬಳೆಗಳಿಂದ ಗ್ರೀಸನ್ನು ಒಳಗೇ ಹಿಡಿದಿಟ್ಟು ಬಾಳಿಕೆಯನ್ನು ಹೆಚ್ಚಿಸಿತಾದರೂ, ಆ ಬಳೆಗಳ ಉಜ್ಜುವಿಕೆಯೇ ಕಿಂಚಿತ್ ಶಕ್ತಿಯನ್ನು ಕಬಳಿಸುವುದರಿಂದ, ಅಲ್ಪಕಾಲದ ಪಂದ್ಯಕ್ಕೆ ಇಳಿಯುವ ಸವಾರರು ಇಂದಿಗೂ ಬಳೆಯಿಲ್ಲದ ಚೈನನ್ನೇ ಆರಿಸುವುದುಂಟು.

ನಷ್ಟವನ್ನು ನಿರ್ಮೂಲ ಮಾಡಿದ ಯಂತ್ರವು ಈವರೆಗೆ ಹುಟ್ಟಿಲ್ಲ. ಆದರೆ ಶುಭ್ರವಾಗಿದ್ದು, ಎಣ್ಣೆಯುಂಡು, ನೇರವಾಗಿ ಓಡುವ ಚೈನು ತನಗೆ ಒಪ್ಪಿಸಿದ ಶಕ್ತಿಯಲ್ಲಿ ನೂರಕ್ಕೆ 97-98 ಪಾಲನ್ನು ಚಕ್ರಕ್ಕೆ ಮುಟ್ಟಿಸಬಲ್ಲದು. ಎಂಜಿನ್ನಿನ ಬಲವನ್ನು ಹೆಚ್ಚಿಸಲು ಹಣ ಸುರಿಯುವ ಸವಾರನು ಮೊದಲು ತನ್ನ ಚೈನನ್ನು ತೊಳೆದು ಎಣ್ಣೆ ಹಾಕಲಿ.