ಗೆಳೆತನ ಮತ್ತು ಲೋಕಹಿತ

ವಿದ್ವಜ್ಜನರ ಸ್ನೇಹವು ಲೋಕೋಪಕಾರಕ್ಕೆ ತಿರುಗುವ ಬಗೆಯನ್ನು ನಾವಿಲ್ಲಿ ವಿಚಾರಿಸುತ್ತೇವೆ. ಫಿಲಡೆಲ್ಫಿಯದಲ್ಲಿ ಬೆಂಜಮಿನ್ ಫ್ರಾಂಕ್ಲಿನನು 1727ರಲ್ಲಿ ಗೆಳೆಯರ ಚರ್ಚಾಕೂಟವೊಂದನ್ನು ಕಟ್ಟಿದನು. 1731ರಲ್ಲಿ ಅದರಿಂದ ಚಂದಾದಾರರ ಗ್ರಂಥಾಲಯವು ಹುಟ್ಟಿತು. ನಮ್ಮಲ್ಲಿ ಇದಕ್ಕೆ ಸಮೀಪವಾದ ನಿದರ್ಶನವೆಂದರೆ, ರಾ. ಹ. ದೇಶಪಾಂಡೆಯವರು ಸಮಾನಮನಸ್ಕರೊಡನೆ 1890ರ ಜುಲೈ 20ರಂದು ಧಾರವಾಡದಲ್ಲಿ ಸ್ಥಾಪಿಸಿದ ಕರ್ನಾಟಕ ವಿದ್ಯಾವರ್ಧಕ ಸಂಘ. ಅಲ್ಲಿ ಪುಸ್ತಕಗಳ ಕೊರತೆಯಿದ್ದಿತು. ಇಲ್ಲಿ ನುಡಿಯೇ ಸಂಕಟದಲ್ಲಿದ್ದಿತು. ಮುಂಬಯಿ ಇಲಾಖೆಯಲ್ಲಿ ಮರಾಠಿಯ ಪ್ರಾಬಲ್ಯವಿದ್ದಾಗ, ಹುಬ್ಬಳ್ಳಿ ಸೀಮೆಯ ಶಿರಗುಪ್ಪಿಯಂಥ ಊರುಗಳ ಮನೆಮಾತು ವಿದ್ಯೆಯ ಮಾತೂ ಆಗಬೇಕಾದರೆ ಕನ್ನಡ ಗ್ರಂಥಗಳು ಬೇಕಾಗಿದ್ದವು. ಸಂಘವು ಗ್ರಂಥಕರ್ತರಿಗೆ ಪ್ರೋತ್ಸಾಹವಿತ್ತಿತು. 1896ರಲ್ಲಿ ‘ವಾಗ್ಭೂಷಣ’ ಪತ್ರಿಕೆಯನ್ನು ಹೊರಡಿಸಿತು. 1907ರಲ್ಲಿ ಗ್ರಂಥಕರ್ತರ ಸಮ್ಮೇಳನವನ್ನು ಕೂಡಿಸಿತು. ಆ ಗೆಳೆಯರೆಲ್ಲ ಅಳಿದರೂ ಎರಡು ಸಂಸ್ಥೆಗಳೂ ಇಂದಿಗೂ ಉಳಿದಿವೆ. ಸ್ನೇಹಕ್ಕೆ ನಿಯಮವೂ ವಂತಿಗೆಯೂ ಕೂಡಿದುದೇ ಇದಕ್ಕೆ ಕಾರಣವೆಂದು ನಮ್ಮ ಮತ.