ನಾಟಾ ಲಾರಿ ಚಾಲನೆ: ದೈನಂದಿನ ಸುರಕ್ಷತೆ ಮತ್ತು ರಸ್ತೆ ನಿಯಮಪಾಲನೆ (ಕರ್ನಾಟಕ)

ಕಡಿದ ಮರದ ದಿಮ್ಮಿಗಳನ್ನು ಕೂಪಿನಿಂದ, ಅಂದರೆ ಕಡಿತಕ್ಕೆಂದು ಅರಣ್ಯ ಇಲಾಖೆ ಗುರುತಿಸಿದ ಕಾಡಿನ ಭಾಗದಿಂದ, ಅಥವಾ ಖಾಸಗಿ ತೋಟದಿಂದ ಸರ್ಕಾರಿ ಡಿಪೋ, ಸಾಮಿಲ್, ಪ್ಲೈವುಡ್ ಕಾರ್ಖಾನೆ ಇಲ್ಲವೇ ಕಾಗದದ ಗಿರಣಿಗೆ ಸಾಗಿಸುವ ವಾಹನವೇ ನಾಟಾ ಲಾರಿ. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಹಾಸನ ಮತ್ತು ಕೊಡಗು ಜಿಲ್ಲೆಗಳಲ್ಲಿ ಈ ಸಾಗಣೆ ಹೆಚ್ಚು. ದಾಂಡೇಲಿ ಮತ್ತು ಹುಣಸೂರು ಇದರ ಹಳೆಯ ಕೇಂದ್ರಗಳಲ್ಲಿ ಸೇರುತ್ತವೆ. ನಾಟಾ ಲಾರಿಯ ಚಾಲಕ ಏಕಕಾಲದಲ್ಲಿ ಎರಡು ಕಾನೂನುಗಳಿಗೆ ಉತ್ತರಿಸಬೇಕಾಗುತ್ತದೆ. ಅರಣ್ಯ ಕಾನೂನು ಅವನ ಹೊರೆಯನ್ನು ಘನ ಮೀಟರುಗಳಲ್ಲಿ ಅಳೆದರೆ ಮೋಟಾರು ವಾಹನ ಕಾನೂನು ಅದನ್ನೇ ಟನ್ನುಗಳಲ್ಲಿ ತೂಗುತ್ತದೆ. ಈ ಎರಡು ಲೆಕ್ಕಗಳ ನಡುವಿನ ಅಂತರವೇ ಈ ವೃತ್ತಿಯ ಅನೇಕ ಅಪಾಯಗಳಿಗೆ ಮೂಲವಾಗಿದೆ.

ಹಿನ್ನೆಲೆ

ಲಾರಿಗಳು ಬರುವ ಮೊದಲು ಮಲೆನಾಡಿನ ನಾಟಾ ಎತ್ತಿನ ಗಾಡಿ, ನದಿ ಮತ್ತು ರೈಲಿನ ಮೂಲಕ ಸಾಗುತ್ತಿತ್ತು. ಕೂಪಿನೊಳಗೆ ದಿಮ್ಮಿ ಎಳೆಯುವ ಕೆಲಸವನ್ನು ಆನೆಗಳು ಮಾಡುತ್ತಿದ್ದವು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ನೀಡಿದ ಆದೇಶವು ಅರಣ್ಯದಲ್ಲಿನ ಕಡಿತವನ್ನು ಅನುಮೋದಿತ ಕಾರ್ಯಯೋಜನೆಗಳಿಗೆ ಸೀಮಿತಗೊಳಿಸಿತು. ಆ ಬಳಿಕ ಲಾರಿಗಳ ಹೊರೆಯಲ್ಲಿ ಕಾಫಿ ತೋಟಗಳ ಸಿಲ್ವರ್ ಓಕ್, ನೆಡುತೋಪಿನ ಅಕೇಶಿಯಾ ಮತ್ತು ನೀಲಗಿರಿಗಳ ಪಾಲು ಹಿಗ್ಗಿತೆಂದು ಹೇಳಬಹುದು.

ರಹದಾರಿ

1963ರ ಕರ್ನಾಟಕ ಅರಣ್ಯ ಕಾಯ್ದೆಯ 50ನೇ ಕಲಮು ಅರಣ್ಯೋತ್ಪನ್ನಗಳ ಸಾಗಣೆಯನ್ನು ನಿಯಂತ್ರಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಅದರಂತೆ 1969ರ ಅರಣ್ಯ ನಿಯಮಗಳು ರಹದಾರಿ, ಅಂದರೆ ಸಾಗಣೆ ಪರವಾನಗಿ ಇಲ್ಲದೆ ನಾಟಾ ಒಯ್ಯುವುದನ್ನು ನಿಷೇಧಿಸುತ್ತವೆ. ನೀಲಗಿರಿ, ಸಿಲ್ವರ್ ಓಕ್‌ನಂತಹ ಕೆಲವು ಜಾತಿಗಳಿಗೆ ವಿನಾಯಿತಿ ಉಂಟಾದರೂ ತೇಗ, ಬೀಟೆ, ಹೊನ್ನೆ, ಮತ್ತಿ ಮುಂತಾದವುಗಳಿಗೆ ಅದು ಇಲ್ಲ. ದಿಮ್ಮಿಯ ತುದಿಯಲ್ಲಿ ಒತ್ತಿದ ಹ್ಯಾಮರ್ ಗುರುತು ಮತ್ತು ಸಂಖ್ಯೆ ರಹದಾರಿಯೊಂದಿಗಿನ ಪಟ್ಟಿಗೆ ತಾಳೆಯಾಗುತ್ತವೆಯೇ ಎಂದು ಹೊರಡುವ ಮುನ್ನವೇ ನೋಡಿಕೊಳ್ಳುವುದು ಚಾಲಕನ ಹಿತಕ್ಕೇ ಒಳ್ಳೆಯದು. ಏಕೆಂದರೆ ಕಾಯ್ದೆಯ 80ನೇ ಕಲಮಿನಂತೆ, ಬೇರೆಯಾಗಿ ರುಜುವಾತಾಗುವವರೆಗೆ ಅರಣ್ಯೋತ್ಪನ್ನ ಸರ್ಕಾರದ ಸ್ವತ್ತೆಂದೇ ಭಾವಿಸಲಾಗುತ್ತದೆ, ಮತ್ತು ಅಪರಾಧಕ್ಕೆ ಬಳಕೆಯಾದ ವಾಹನವನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ಅವಕಾಶವಿದೆ. ವಾಹನ ಉಳಿಸಿಕೊಳ್ಳಬೇಕಾದ ಮಾಲೀಕನು ತನಗೆ ಮಾತ್ರವಲ್ಲದೆ ಚಾಲಕನಿಗೂ ವಿಷಯ ತಿಳಿದಿರಲಿಲ್ಲವೆಂದು, ತಕ್ಕ ಎಚ್ಚರಿಕೆಯನ್ನೆಲ್ಲ ವಹಿಸಲಾಗಿತ್ತೆಂದು ತೋರಿಸಬೇಕಾಗುತ್ತದೆ. ಅಂತರರಾಜ್ಯ ಸಾಗಣೆಯನ್ನು ಸುಗಮಗೊಳಿಸುವ ಉದ್ದೇಶದಿಂದ ಕೇಂದ್ರ ಪರಿಸರ ಸಚಿವಾಲಯವು 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಆನ್‌ಲೈನ್ ರಹದಾರಿ ವ್ಯವಸ್ಥೆಗೆ ಚಾಲನೆ ನೀಡಿತು.

ಅಳತೆ ಮತ್ತು ತೂಕ

ರಹದಾರಿಯ ಪಟ್ಟಿಯಲ್ಲಿ ಕಾಣುವ ಘನ ಅಳತೆ ದಿಮ್ಮಿಯ ನಿಜವಾದ ಗಾತ್ರವಲ್ಲ. ಭಾರತದ ಅರಣ್ಯ ಇಲಾಖೆಗಳೂ ನಾಟಾ ವ್ಯಾಪಾರಿಗಳೂ ದುಂಡು ದಿಮ್ಮಿಗಳಿಗೆ ರೂಢಿಯಿಂದ ಬಳಸುವುದು ಕಾಲು ಸುತ್ತಳತೆಯ ಸೂತ್ರವನ್ನು. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದುದನ್ನು ವರ್ಗಗೊಳಿಸಿ, ಉದ್ದದಿಂದ ಗುಣಿಸುವ ಈ ಕ್ರಮವನ್ನು ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಜನಪ್ರಿಯಗೊಳಿಸಿದವು. ದುಂಡು ಮರವನ್ನು ಚೌಕ ತೊಲೆಯಾಗಿ ಕೊಯ್ಯುವಾಗ ಹೊರಪದರ ವ್ಯರ್ಥವಾಗುವುದರಿಂದ ಕೊಳ್ಳುವವನಿಗೆ ಆ ನಷ್ಟವನ್ನು ಮೊದಲೇ ಕಳೆದು ಕೊಡುವುದು ಅದರ ಆಶಯವಾಗಿತ್ತು. ಈ ಸೂತ್ರ ಕೊಡುವ ಉತ್ತರ ಸಿಲಿಂಡರಿನ ನಿಜವಾದ ಗಾತ್ರದ ಶೇ. 78.5ರಷ್ಟು ಮಾತ್ರ. ಬೆಲೆ ಕಟ್ಟುವುದಕ್ಕೆ ಇದು ನ್ಯಾಯವಾದ ಕ್ರಮವೇ ಆಗಿದ್ದರೂ ಲಾರಿಯ ಅಚ್ಚಿನ ಮೇಲೆ ಕೂರುವುದು ಕಳೆದುಬಿಟ್ಟ ಆ ಭಾಗವೂ ಸೇರಿದ ಪೂರ್ಣ ದಿಮ್ಮಿ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. 1.2 ಮೀಟರ್ ಸುತ್ತಳತೆ ಮತ್ತು 5 ಮೀಟರ್ ಉದ್ದದ ದಿಮ್ಮಿ ಪಟ್ಟಿಯಲ್ಲಿ 0.45 ಘನ ಮೀಟರ್ ಎಂದು ದಾಖಲಾಗುತ್ತದೆ. ಅದರ ನಿಜ ಗಾತ್ರ ಸುಮಾರು 0.573 ಘನ ಮೀಟರ್. ಇಂತಹ 20 ದಿಮ್ಮಿಗಳು ಕಾಗದದ ಮೇಲೆ 9 ಘನ ಮೀಟರ್ ಆದರೆ ಲಾರಿಯ ಮೇಲೆ ಸುಮಾರು 11.5 ಘನ ಮೀಟರ್. ತೇವಾಂಶವೂ ಇದರೊಂದಿಗೆ ಸೇರುತ್ತದೆ. ಗಾಳಿಗೆ ಒಣಗಿದ ತೇಗ ಘನ ಮೀಟರಿಗೆ ಹೆಚ್ಚುಕಡಿಮೆ 650 ಕಿಲೋಗ್ರಾಂ ತೂಗುತ್ತದೆ, ಆದರೆ ಆಗಷ್ಟೇ ಕಡಿದ ಹಸಿ ದಿಮ್ಮಿ, ಜಾತಿ ಮತ್ತು ಋತುವಿಗೆ ತಕ್ಕಂತೆ ಬದಲಾದರೂ, ಒಂದು ಟನ್ನಿನ ಆಸುಪಾಸಿನಲ್ಲಿರುತ್ತದೆ. ಪಟ್ಟಿಯ ಅಂಕಿಯನ್ನು ಒಣಮರದ ತೂಕದಿಂದ ಗುಣಿಸಿದವನಿಗೆ ಈ ಹೊರೆ 6 ಟನ್ನಿಗೂ ಕಡಿಮೆ ಎನಿಸಿದರೆ ವೇಬ್ರಿಜ್ ಅದನ್ನೇ 11.5 ಟನ್ನಿನ ಹತ್ತಿರ ತೋರಿಸೀತು. ತೊಗಟೆ ಬಿಟ್ಟು ಅಳೆದ ದಿಮ್ಮಿಯನ್ನು ತೊಗಟೆ ಸಮೇತ ಹೇರಿದ್ದರೆ ತೂಕ ಇನ್ನೂ ಹೆಚ್ಚುತ್ತದೆ.

ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರ 2018ರ ಜುಲೈನಲ್ಲಿ 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತಾದರೂ ಚಾಲಕನ ಮಟ್ಟಿಗೆ ಲೆಕ್ಕಕ್ಕೆ ಬರುವುದು ಅವನ ವಾಹನದ ನೋಂದಣಿ ಪತ್ರದಲ್ಲಿ ನಮೂದಾದ ತೂಕ. ಖಾಲಿ ಲಾರಿ 6 ಟನ್ ಎಂದಿಟ್ಟುಕೊಂಡರೆ ಮೇಲಿನ ಹೊರೆಯೊಂದಿಗೆ ಅದು 17.5 ಟನ್ ಆಗುತ್ತದೆ, 18.5 ಟನ್ನಿಗೆ ನೋಂದಣಿಯಾದ ಲಾರಿಗೆ ಇದು ನಿಯಮದೊಳಗಿನ ಹೊರೆ, 16.2 ಟನ್ನಿನದಕ್ಕೆ ಅತಿಭಾರ. 1988ರ ಮೋಟಾರು ವಾಹನ ಕಾಯ್ದೆಯ 194ನೇ ಕಲಮು, 2019ರ ತಿದ್ದುಪಡಿಯ ನಂತರ, ಅತಿಭಾರಕ್ಕೆ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ವಿಧಿಸುತ್ತದೆ, ಹೆಚ್ಚಿನ ಹೊರೆ ಇಳಿಸುವ ಖರ್ಚೂ ಇದರ ಮೇಲೆ ಬೀಳುತ್ತದೆ. ತೂಕಕ್ಕೆ ನಿಲ್ಲಿಸದೆ ಹೋದರೆ ದಂಡ 40,000 ರೂಪಾಯಿ. ಈ ಕಲಮು ಓಡಿಸಿದವನಷ್ಟೇ ಅಲ್ಲದೆ ಓಡಿಸಲು ಕಾರಣನಾದವನನ್ನೂ ಅವಕಾಶ ಕೊಟ್ಟವನನ್ನೂ ಒಳಗೊಳ್ಳುತ್ತದೆಂಬುದನ್ನು ಹೊರೆ ಹೇರಿಸುವವರು ಮರೆಯಬಾರದು. ಕೂಪಿನಲ್ಲಿ ಸಾಮಾನ್ಯವಾಗಿ ವೇಬ್ರಿಜ್ ಇರುವುದಿಲ್ಲವಾದ್ದರಿಂದ ಪಟ್ಟಿಯ ಘನ ಅಳತೆಯನ್ನು 0.785ರಿಂದ ಭಾಗಿಸಿ, ಹಸಿಮರಕ್ಕೆ ಘನ ಮೀಟರಿಗೆ ಒಂದು ಟನ್ ಎಂದು ಹಿಡಿಯುವುದು ಚಾಲಕ ಅಲ್ಲಿಯೇ ಮಾಡಬಹುದಾದ ಸರಳ ಅಂದಾಜು.

ಹೊರೆ ಮತ್ತು ಕಟ್ಟು

ದಿಮ್ಮಿಗಳ ಬುಡವೆಲ್ಲ ಹಿಂದಕ್ಕೇ ಬಿದ್ದರೆ ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಅಚ್ಚು ಮಿತಿ ಮೀರುವುದರಿಂದ ಬುಡ ಮತ್ತು ತುದಿಗಳನ್ನು ಅದಲುಬದಲಾಗಿ ಇಡಬೇಕು. ಬದಿಯ ಗೂಟಗಳಿಗೆ ತಾಗಿದ ದಿಮ್ಮಿ ಗೂಟದ ತುದಿಗಿಂತ ಮೇಲೇರಬಾರದು. ಸರಪಳಿ ಅಥವಾ ತಂತಿ ಹಗ್ಗದ ಬಿಗಿತ ಮೊದಲ ಕೆಲವು ಕಿಲೋಮೀಟರುಗಳಲ್ಲೇ ಸಡಿಲವಾಗುತ್ತದೆ; ಕಾಡಿನ ಹಾದಿಯ ಕುಲುಕಾಟಕ್ಕೆ ದಿಮ್ಮಿಗಳು ಒಂದರೊಳಗೊಂದು ಕೂತು, ತೊಗಟೆ ಜಾರಿ, ಹೊರೆ ಕುಗ್ಗುವುದೇ ಇದಕ್ಕೆ ಕಾರಣ. ಡಾಂಬರು ರಸ್ತೆ ಸೇರುವಾಗ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯುವುದು ಅನುಭವಿಗಳು ತಪ್ಪಿಸದ ಕ್ರಮ. ವಾಹನದ ಮೈಯಿಂದ ಬದಿಗೆ, ಮುಂದಕ್ಕೆ ಇಲ್ಲವೇ ಹಿಂದಕ್ಕೆ ಚಾಚಿದ ಹೊರೆಗೂ 20,000 ರೂಪಾಯಿ ದಂಡವಿದೆ. ದಂಡಕ್ಕಿಂತಲೂ ಗಂಭೀರವಾದುದೆಂದರೆ, ಚಾಚಿದ ದಿಮ್ಮಿ ಹಿಂದಿನ ದೀಪಗಳನ್ನೂ ಕೆಂಪು ಪ್ರತಿಫಲಕ ಪಟ್ಟಿಯನ್ನೂ ಮರೆಮಾಡಿ, ರಾತ್ರಿ ಹಿಂದೆ ಬರುವ ದ್ವಿಚಕ್ರ ಸವಾರನ ಜೀವಕ್ಕೇ ಎರವಾಗಬಲ್ಲದು. ಹಮಾಲರನ್ನು ಹೊರೆಯ ಮೇಲೆ ಕೂರಿಸಿ ಒಯ್ಯುವುದಂತೂ ಯಾವ ಸಂದರ್ಭದಲ್ಲೂ ಸಲ್ಲದು.

ಘಾಟಿ ಮತ್ತು ಮಳೆ

ಶಿರಾಡಿ, ಚಾರ್ಮಾಡಿ, ಸಂಪಾಜೆ, ಅರಬೈಲ್, ದೇವಿಮನೆ ಘಾಟಿಗಳಲ್ಲಿ ಇಳಿಯುವ ಲಾರಿಯ ಮುಖ್ಯ ಅಪಾಯ ಬ್ರೇಕ್ ಕಾಯುವುದು: ಸತತವಾಗಿ ಒತ್ತಿದ ಬ್ರೇಕಿನ ಡ್ರಮ್ಮು ಬಿಸಿಯಾಗಿ ಹಿಗ್ಗಿ, ಲೈನರ್ ಹಿಡಿತ ಕಳೆದುಕೊಂಡು, ಪೆಡಲ್ ಒತ್ತಿದರೂ ವೇಗ ತಗ್ಗದ ಸ್ಥಿತಿ ಬರುತ್ತದೆ. ಆದ್ದರಿಂದ ಇಳಿಜಾರು ಆರಂಭವಾಗುವ ಮೊದಲೇ, ಅದೇ ಏರನ್ನು ಹತ್ತಲು ಬೇಕಾಗುವಷ್ಟು ಕೆಳಗಿನ ಗೇರಿಗೆ ಬಂದು, ಎಂಜಿನ್ನಿನ ತಡೆಯಲ್ಲೇ ಇಳಿಯಬೇಕು. ನ್ಯೂಟ್ರಲ್‌ನಲ್ಲಿ ಇಳಿಸುವುದು ಡೀಸೆಲ್ ಉಳಿಸುವ ಹೆಸರಿನಲ್ಲಿ ಜೀವವನ್ನು ಪಣಕ್ಕಿಟ್ಟಂತೆ. ಕಡಿದಾದ ರಸ್ತೆಯಲ್ಲಿ ಏರುವ ವಾಹನಕ್ಕೆ ಮೊದಲ ದಾರಿ. ದಿನದ ಮೊದಲ ತಪಾಸಣೆಯಲ್ಲಿ ಗಾಳಿ ಟ್ಯಾಂಕಿನ ನೀರು ಹೊರಬಿಡುವುದು, ಗಾಳಿಯ ಒತ್ತಡ ನೋಡುವುದು, ಚಕ್ರದ ನಟ್ಟುಗಳನ್ನು ಪರೀಕ್ಷಿಸುವುದು, ಹಿಂದಿನ ಜೋಡಿ ಟೈರುಗಳ ನಡುವೆ ಸಿಕ್ಕ ಕಲ್ಲು ತೆಗೆಯುವುದು ಸೇರಬೇಕು. ಕೂಪಿನ ಹಾದಿಯಲ್ಲಿ ಓಡಿದ ಲಾರಿಗೆ ಕೊನೆಯದು ವಿಶೇಷವಾಗಿ ಅಗತ್ಯ.

ಮುಂಗಾರಿನಲ್ಲಿ ಕೊಡಗು ಜಿಲ್ಲಾಡಳಿತವು ದಿಮ್ಮಿ ಹಾಗೂ ಮರಳು ಸಾಗಿಸುವ ಭಾರಿ ವಾಹನಗಳನ್ನು ನಿರ್ಬಂಧಿಸುವುದುಂಟು. ಬಂಡೀಪುರದ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದ್ದು, ಅದು 2009ರಲ್ಲಿ ಜಾರಿಗೆ ಬಂತು. ರಹದಾರಿಯ ಅವಧಿಯನ್ನು ಲೆಕ್ಕ ಹಾಕುವಾಗ ಇಂತಹ ತಡೆಗಳನ್ನೂ ಸೇರಿಸಿಕೊಳ್ಳಬೇಕು, ಇಲ್ಲವಾದರೆ ನಿಯಮಬದ್ಧ ಹೊರೆಯೂ ದಾರಿಯಲ್ಲೇ ಅವಧಿ ಮೀರುತ್ತದೆ.

ದುಡಿಮೆಯ ಅವಧಿ

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಮತ್ತು ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿಯನ್ನು ಹಾಕಿಕೊಟ್ಟಿತು. ನಾಟಾ ಸಾಗಣೆಯಲ್ಲಿ ಹೊರೆ ಹೇರುವಾಗಿನ ಮತ್ತು ತನಿಖಾ ಠಾಣೆಯ ಮುಂದಿನ ಕಾಯುವಿಕೆಯನ್ನು ವಿಶ್ರಾಂತಿಯೆಂದು ಎಣಿಸುವ ಪ್ರವೃತ್ತಿ ಕಂಡುಬರುತ್ತದೆ. ಆ ಹೊತ್ತಿನಲ್ಲೂ ಚಾಲಕ ದಿಮ್ಮಿಗಳ ಎಣಿಕೆ, ಕಟ್ಟುವಿಕೆ ಮತ್ತು ಕಾಗದಪತ್ರಗಳಲ್ಲಿ ತೊಡಗಿರುವುದರಿಂದ ಅದನ್ನು ದುಡಿಮೆಯ ಗಂಟೆಗಳಲ್ಲೇ ಸೇರಿಸಬೇಕು.